ಶಾಯಿಗೆ ತಕ್ಕ ಕಾಗದ

ನಮ್ಮ ಮನೆಯಲ್ಲಿ ಹಿರಿಯರೊಬ್ಬರ ಭಾವಚಿತ್ರವಿತ್ತು. ಬೆಳ್ಳಿಯ ಲವಣಗಳಿಂದ ತಯಾರಾದ ಹಳೆಯ ಕಪ್ಪುಬಿಳುಪು ಚಿತ್ರ. ಅದರ ಅಂಚುಗಳು ಹರಿಯತೊಡಗಿದ್ದುವಾದ್ದರಿಂದ, ಅಂಗಡಿಯೊಂದರಲ್ಲಿ ಸ್ಕ್ಯಾನ್ ಮಾಡಿಸಿ, ಇಂಕ್‌ಜೆಟ್ ಪ್ರಿಂಟರಿನಲ್ಲಿ ಹೊಳಪು ಕಾಗದದ ಮೇಲೆ ಎರಡು ಪ್ರತಿಗಳನ್ನು ತೆಗೆಸಿದೆವು. ಒಂದನ್ನು ಗಾಜಿಲ್ಲದ ಚೌಕಟ್ಟಿನಲ್ಲಿ ಕೂಡಿಸಿ ನಡುಮನೆಯ ಗೋಡೆಗೆ ತೂಗುಹಾಕಿದ್ದಾಯಿತು. ಇನ್ನೊಂದನ್ನು ಯಾವುದೋ ಪುಸ್ತಕದಲ್ಲಿಟ್ಟು ಮರೆತೆವು. ಮುಂದಿನ ಮಳೆಗಾಲದಲ್ಲಿ, ಮೂಲಚಿತ್ರವಿದ್ದ ಪೆಟ್ಟಿಗೆಗೆ ಗೆದ್ದಲು ಹತ್ತಿತು. ಪ್ರತಿ ಇದೆಯಲ್ಲ ಎಂದು ಸಮಾಧಾನ ತಂದುಕೊಂಡು ಗೋಡೆಯ ಕಡೆ ನೋಡಿದರೆ, ಮುಖದ ಮೇಲಿನ ನೆರಳೆಲ್ಲ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು! ಆ ಗೋಡೆಯ ಮೇಲೆ ಬಿಸಿಲು ಬೀಳುತ್ತಿರಲಿಲ್ಲ. ಚಿತ್ರಕ್ಕೆ ನೀರೂ ತಾಗಿರಲಿಲ್ಲ. ಸ್ಕ್ಯಾನ್ ಮಾಡಿದ ಕಡತವನ್ನು ಅಂಗಡಿಯವರು ಉಳಿಸಿರಲಿಲ್ಲ. ನಾವೂ ಕೇಳಿ ಪಡೆದಿರಲಿಲ್ಲ.

ಹಾಗಾದರೆ ಬಣ್ಣ ಎಲ್ಲಿಗೆ ಹೋಯಿತು? ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ, ಪ್ರಿಂಟರಿನ ಶಾಯಿ ಎಂಥದು, ಅದನ್ನು ಹೀರಿಕೊಳ್ಳುವ ಕಾಗದ ಎಂಥದು, ಅವೆರಡಕ್ಕೂ ಇರುವ ಸಂಬಂಧವೇನು ಎಂಬುದನ್ನು ಮೊದಲು ಅರಿಯಬೇಕಾಗುತ್ತದೆ. ಅಂಗಡಿಯಲ್ಲಿ ಎಲ್ಲ ಫೋಟೋ ಕಾಗದಗಳೂ ಒಂದೇ ರೀತಿ ಬೆಳ್ಳಗೆ, ನುಣ್ಣಗೆ ಕಾಣುತ್ತವೆ. ಆದರೆ ಅವುಗಳ ಮೇಲ್ಮೈಯಲ್ಲಿರುವ, ಕೂದಲಿಗಿಂತಲೂ ತೆಳುವಾದ ಲೇಪದಲ್ಲಿ ಅಜಗಜಾಂತರವುಂಟು.

ಹನಿಯ ಹುಟ್ಟು

ಕಾಗದವನ್ನು ಮುಟ್ಟದೆ, ದೂರದಿಂದಲೇ ಶಾಯಿಯನ್ನು ಎರಚಿ ಬರೆಯುವ ಉಪಾಯ ಹೊಸದೇನಲ್ಲ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಖ್ಯಾತನಾದ ವಿಲಿಯಂ ಥಾಮ್ಸನ್, ಸಮುದ್ರದಡಿಯ ತಂತಿಗಳಲ್ಲಿ ಬರುವ ದುರ್ಬಲ ಸಂದೇಶಗಳನ್ನು ದಾಖಲಿಸಲು 1867ರಲ್ಲಿ ರಚಿಸಿದ ಯಂತ್ರದಲ್ಲಿ, ವಿದ್ಯುದಂಶವನ್ನು ಪಡೆದ ಶಾಯಿಯು ಸಣ್ಣ ಕೊಳವೆಯಿಂದ ಚಿಮ್ಮಿ, ಸರಿಯುತ್ತಿರುವ ಕಾಗದದ ಪಟ್ಟಿಯ ಮೇಲೆ ಬೀಳುತ್ತಿತ್ತು. ಸ್ವೀಡನ್ನಿನ ರೂನ್ ಎಲ್ಮ್‌ಕ್ವಿಸ್ಟ್ ಎಂಬವರು 1951ರಲ್ಲಿ ಇದೇ ತತ್ತ್ವವನ್ನು ಹೃದಯದ ಬಡಿತವನ್ನು ಗುರುತಿಸುವ ಯಂತ್ರಕ್ಕೆ ಅಳವಡಿಸಿದರು. ದೇಹದೊಳಗೆ ಕೂಡಿಸುವ ಮೊದಲ ಹೃದಯಪ್ರೇರಕವನ್ನು 1958ರಲ್ಲಿ ನಿರ್ಮಿಸಿದವರೂ ಇವರೇ.

ಮನೆಗಳಿಗೆ ಬಂದ ಪ್ರಿಂಟರುಗಳು ಎರಡು ದಾರಿ ಹಿಡಿದುವು. ಜಪಾನಿನ ಕ್ಯಾನನ್ ಸಂಸ್ಥೆಯ ಪ್ರಯೋಗಾಲಯದಲ್ಲಿ 1977ರಲ್ಲಿ, ಕಾದ ಬೆಸುಗೆಯ ಕಡ್ಡಿಯೊಂದು ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ಅಕಸ್ಮಾತ್ತಾಗಿ ತಗುಲಿ, ಸೂಜಿಯ ಬಾಯಿಂದ ಶಾಯಿ ಚಿಮ್ಮಿತೆಂದು ಆ ಸಂಸ್ಥೆಯವರು ಹೇಳುತ್ತಾರೆ. ಶಾಖದಿಂದ ಹನಿ ಚಿಮ್ಮಿಸುವ ಪ್ರಿಂಟರುಗಳಿಗೆ ಇದೇ ನಾಂದಿಯಾಯಿತು. ಅವುಗಳಲ್ಲಿ ಸೂಕ್ಷ್ಮರಂಧ್ರದ ಹಿಂದಿರುವ ಪುಟ್ಟ ತಾಪಕವು ಕೆಲವೇ ಮೈಕ್ರೊಸೆಕೆಂಡುಗಳಲ್ಲಿ ಸುಮಾರು 300 ಡಿಗ್ರಿ ಸೆಂಟಿಗ್ರೇಡಿಗೆ ಏರುತ್ತದೆ. ಶಾಯಿಯಲ್ಲಿ ಆವಿಯ ಗುಳ್ಳೆಯೊಂದು ಹುಟ್ಟಿ, ಮುಂದಿರುವ ಶಾಯಿಯನ್ನು ಹೊರದಬ್ಬುತ್ತದೆ. ಎರಡನೆಯ ಬಗೆಯಲ್ಲಿ ಶಾಖದ ಪ್ರಶ್ನೆಯೇ ಇಲ್ಲ. ವಿದ್ಯುತ್ತು ತಾಗಿದಾಗ ಆಕಾರ ಬದಲಿಸುವ ಪೀಜೋ ಪದಾರ್ಥದ ತುಣುಕೊಂದು ಬಾಗಿ, ಕೋಶದಲ್ಲಿನ ಶಾಯಿಯನ್ನು ಹಿಸುಕುತ್ತದೆ. ಎಪ್ಸನ್ ಸಂಸ್ಥೆಯ ಪ್ರಿಂಟರುಗಳು ಈ ಜಾತಿಯವು.

ಹೀಗೆ ಹೊರಟ ಹನಿಯ ಗಾತ್ರವೆಷ್ಟು? ಇದನ್ನು ಅಳೆಯಲು ಪಿಕೊಲೀಟರ್ ಎಂಬ ಮಾನ ಬೇಕು. ಒಂದು ಲೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಪಿಕೊಲೀಟರ್. ನಾಲ್ಕು ಪಿಕೊಲೀಟರಿನ ಹನಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಅಡ್ಡಳತೆ ಸುಮಾರು 20 ಮೈಕ್ರಾನ್, ಎಂದರೆ ಮಿಲಿಮೀಟರಿನ ಐವತ್ತನೆಯ ಒಂದು ಭಾಗ. ಐದು ಮಿಲಿಲೀಟರಿನ ಔಷಧದ ಚಮಚವೊಂದನ್ನು ತುಂಬಿಸಲು ಇಂಥ 125 ಕೋಟಿ ಹನಿಗಳು ಬೇಕಾಗುತ್ತವೆ! ಹನಿಯು ಸೆಕೆಂಡಿಗೆ ಐದರಿಂದ ಹತ್ತು ಮೀಟರ್ ವೇಗದಲ್ಲಿ ಹಾರಿ, ಸುಮಾರು ಒಂದು ಮಿಲಿಮೀಟರ್ ದೂರದಲ್ಲಿರುವ ಕಾಗದವನ್ನು ಮುಟ್ಟುತ್ತದೆ. ಅಲ್ಲಿಯವರೆಗಿನ ಕೆಲಸ ಪ್ರಿಂಟರಿನದು; ಅಲ್ಲಿಂದ ಮುಂದಿನದೆಲ್ಲ ಕಾಗದದ್ದು.

ಹನಿ ಬಿದ್ದ ಮೇಲೆ

ಸಾಧಾರಣ ಬರೆಯುವ ಕಾಗದವೆಂದರೆ ಮರದ ನಾರುಗಳ ಒಂದು ಹೆಣಿಗೆ. ಫೌಂಟನ್ ಪೆನ್ನಿನ ಶಾಯಿಯ ಒಂದು ತೊಟ್ಟನ್ನು ಅದರ ಮೇಲೆ ಬಿಟ್ಟು ಭೂತಗನ್ನಡಿಯಿಂದ ನೋಡಿದರೆ, ಶಾಯಿಯು ದುಂಡಗೆ ನಿಲ್ಲದೆ ನಾರುಗಳ ಗುಂಟ ಕಾಲು ಚಾಚಿರುವುದು ಕಾಣುತ್ತದೆ. ನಾರುಗಳ ನಡುವಣ ಸಂದುಗಳು ಸೂಕ್ಷ್ಮನಾಳಗಳಂತೆ ವರ್ತಿಸಿ ದ್ರವವನ್ನು ಎಳೆದುಕೊಳ್ಳುವುದೇ ಇದಕ್ಕೆ ಕಾರಣ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವುದೂ ಇದೇ ಬಲದಿಂದ. ಪ್ರಿಂಟರಿನ ಒಂದೊಂದು ಹನಿಯೂ ಹೀಗೆಯೇ ಕಾಲು ಚಾಚಿದರೆ ಚಿತ್ರದ ಗೆರೆಗಳು ಮಸಕಾಗುತ್ತವೆ; ಬಣ್ಣದ ಬಹುಪಾಲು ಒಳಕ್ಕಿಳಿಯುವುದರಿಂದ ವರ್ಣಗಳು ಸಪ್ಪೆಯಾಗುತ್ತವೆ.

ಶಾಯಿಯ ಪ್ರಮಾಣವೂ ಕಡಮೆಯದಲ್ಲ. ಒಂದಂಗುಲದ ಚೌಕದಲ್ಲಿ ಉದ್ದಕ್ಕೆ 1440, ಅಡ್ಡಕ್ಕೆ 720ರಂತೆ ನಾಲ್ಕು ಪಿಕೊಲೀಟರಿನ ಹನಿಗಳನ್ನು ಸುರಿದರೆ, ಆ ಚೌಕದ ಮೇಲೆ ನಿಲ್ಲುವ ಶಾಯಿಯ ದಪ್ಪ 6.4 ಮೈಕ್ರಾನ್ ಆಗುತ್ತದೆ. ಗಣಿತಪ್ರಿಯರು ಲೆಕ್ಕ ಹಾಕಿ ನೋಡಬಹುದು. ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಬಿದ್ದರೆ ಇದು ಸುಮಾರು 13 ಮೈಕ್ರಾನ್. ಈ ಶಾಯಿಯಲ್ಲಿ ಬಹುಭಾಗ ನೀರು. ಅಷ್ಟು ನೀರನ್ನೂ ಪಕ್ಕಕ್ಕೆ ಹರಿಯಗೊಡದೆ ನೇರವಾಗಿ ಕೆಳಕ್ಕೆಳೆದುಕೊಂಡು, ಬಣ್ಣವನ್ನು ಮಾತ್ರ ಮೇಲುಗಡೆಯಲ್ಲಿಯೇ ತಡೆದು ನಿಲ್ಲಿಸಬೇಕು. ಇದನ್ನು ನಾರು ಮಾಡಲಾರದು. ಅದಕ್ಕಾಗಿಯೇ ಫೋಟೋ ಕಾಗದದ ಲೇಪ.

ಲೇಪಗಳಲ್ಲಿ ಮುಖ್ಯವಾಗಿ ಎರಡು ಕುಲಗಳುಂಟು. ಮೊದಲನೆಯದು ಊದುವ ಲೇಪ. ಇದು ಜೆಲಟಿನ್ ಅಥವಾ ಪಾಲಿವಿನೈಲ್ ಆಲ್ಕೊಹಾಲಿನಂಥ, ನೀರಿಗೆ ಒಲಿಯುವ ಪದಾರ್ಥದಿಂದಾದುದು. ಶಾಯಿ ಬಿದ್ದೊಡನೆ, ನೀರಿನಲ್ಲಿ ನೆನೆದ ಸಬ್ಬಕ್ಕಿಯಂತೆ ಲೇಪವು ಉಬ್ಬಿ, ಬಣ್ಣವನ್ನು ಒಳಕ್ಕೆ ಸೇರಿಸಿಕೊಂಡು, ನೀರು ಆರಿದ ಮೇಲೆ ಮತ್ತೆ ಬಿಗಿದುಕೊಳ್ಳುತ್ತದೆ. ಬಣ್ಣದ ಅಣುಗಳು ಅದರೊಳಗೆ ಹುದುಗಿ, ಹೊರಗಿನ ಗಾಳಿಯಿಂದ ಮರೆಯಾಗುತ್ತವೆ. ಇದರ ದೋಷವೆಂದರೆ, ಒಣಗಲು ಬಹಳ ಹೊತ್ತು ಹಿಡಿಯುತ್ತದೆ. ನಮ್ಮ ಕರಾವಳಿ ಮತ್ತು ಮಲೆನಾಡಿನ ಆಷಾಢದ ತೇವದಲ್ಲಂತೂ ಇಂಥ ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿದರೆ ಅಂಟಿಕೊಳ್ಳುವುದು ಖಂಡಿತ. ಒದ್ದೆ ಬೆರಳು ತಗುಲಿದರೂ ಮೇಲ್ಮೈ ಕೆಡುತ್ತದೆ.

ಎರಡನೆಯದು ರಂಧ್ರಮಯ ಲೇಪ. ಸಿಲಿಕ ಅಥವಾ ಅಲ್ಯುಮಿನದ ಅತಿಸೂಕ್ಷ್ಮ ಕಣಗಳನ್ನು ಸ್ವಲ್ಪವೇ ಅಂಟು ಸೇರಿಸಿ ಕಾಗದದ ಮೇಲೆ ಬಳಿದಿರುತ್ತಾರೆ. ಕಣಗಳ ನಡುವೆ ಉಳಿಯುವ ಪೊಳ್ಳುಗಳು ಬೆಳಕಿನ ಅಲೆಯುದ್ದಕ್ಕಿಂತ ಎಷ್ಟೋ ಚಿಕ್ಕವಾದ್ದರಿಂದ, ಮೇಲ್ಮೈ ತೂತುತೂತಾಗಿದ್ದರೂ ಕಣ್ಣಿಗೆ ಗಾಜಿನಂತೆ ನುಣುಪಾಗಿ ಹೊಳೆಯುತ್ತದೆ. ಲೇಪದ ದಪ್ಪ 30 ಮೈಕ್ರಾನ್, ಅದರಲ್ಲಿ ಅರ್ಧ ಪೊಳ್ಳು ಎಂದಿಟ್ಟುಕೊಂಡರೆ, 15 ಮೈಕ್ರಾನ್ ದಪ್ಪದ ಶಾಯಿಗೆ ಅಲ್ಲಿ ಸ್ಥಳವಿದೆ. ನಾವು ಮೇಲೆ ಕಂಡ 13 ಮೈಕ್ರಾನ್ ಅದರಲ್ಲಿ ಅಡಗಿತು! ಚಿತ್ರವು ಪ್ರಿಂಟರಿನಿಂದ ಹೊರಬರುವಾಗಲೇ ಮುಟ್ಟಲು ಬರುವಷ್ಟು ಒಣಗಿರುತ್ತದೆ. ಕಟ್ಟಿನ ಮೇಲೆ ‘ಇನ್‌ಸ್ಟಂಟ್ ಡ್ರೈ’ ಎಂದು ಬರೆದಿದ್ದರೆ ಒಳಗಿರುವುದು ಈ ಕುಲದ್ದೆಂದು ತಿಳಿಯಬಹುದು. ಈಗ ಮಾರುಕಟ್ಟೆಯಲ್ಲಿ ಹೆಚ್ಚಾಗಿ ದೊರೆಯುವುದೂ ಇದೇ.

ನೀರು ಒಳಗಿಳಿದರೂ ಬಣ್ಣ ಮೇಲೆಯೇ ನಿಲ್ಲುವುದು ಹೇಗೆ? ಕರಗುವ ಬಣ್ಣಗಳ ಅಣುಗಳು ಸಾಮಾನ್ಯವಾಗಿ ಋಣ ವಿದ್ಯುದಂಶವುಳ್ಳವು. ಲೇಪದಲ್ಲಿ ಧನ ವಿದ್ಯುದಂಶವುಳ್ಳ ಪದಾರ್ಥವನ್ನು ಬೆರೆಸಿದ್ದರೆ, ಎರಡೂ ಪರಸ್ಪರ ಆಕರ್ಷಿಸಿ ಕಚ್ಚಿಕೊಳ್ಳುತ್ತವೆ. ಬಟ್ಟೆಗೆ ಬಣ್ಣ ಹಾಕುವವರು ಮೊದಲು ಪಟಿಕದ ನೀರಿನಲ್ಲಿ ಅದ್ದುವುದು ಇಂಥದೇ ಉದ್ದೇಶಕ್ಕೆ. ಅಲ್ಲಿಯೂ ಬೇಕಾದುದು ಬಣ್ಣವನ್ನು ಹಿಡಿದು ನಿಲ್ಲಿಸುವ ಮಧ್ಯವರ್ತಿಯೇ.

ಎರಡು ಬಗೆಯ ಶಾಯಿ

ಇನ್ನು ಶಾಯಿಯ ಕಡೆ ತಿರುಗೋಣ. ಒಂದು ಲೋಟ ನೀರಿಗೆ ಸಕ್ಕರೆಯನ್ನೂ, ಇನ್ನೊಂದಕ್ಕೆ ರಾಗಿಹಿಟ್ಟನ್ನೂ ಹಾಕಿ ಕದಡಿರಿ. ಸಕ್ಕರೆ ಅಣುಅಣುವಾಗಿ ಕರಗಿ ಕಾಣದಾಗುತ್ತದೆ; ಹಿಟ್ಟು ಕಣಗಳಾಗಿಯೇ ತೇಲುತ್ತಿರುತ್ತದೆ. ಡೈ ಶಾಯಿ ಮೊದಲನೆಯದರಂತೆ, ಪಿಗ್ಮೆಂಟ್ ಶಾಯಿ ಎರಡನೆಯದರಂತೆ. ಡೈ ಅಣುವಿನ ಅಳತೆ ಒಂದೆರಡು ನ್ಯಾನೊಮೀಟರ್. ಪಿಗ್ಮೆಂಟಿನ ಕಣ ಸುಮಾರು ನೂರು ನ್ಯಾನೊಮೀಟರ್. ಒಂದೊಂದು ಕಣದಲ್ಲಿಯೂ ಅಸಂಖ್ಯ ಅಣುಗಳಿರುವುದರಿಂದ, ಹೊರಗಿನವು ಬೆಳಕಿಗೋ ಗಾಳಿಗೋ ಬಲಿಯಾದರೂ ಒಳಗಿನವು ಉಳಿಯುತ್ತವೆ. ಹೀಗಾಗಿ ಪಿಗ್ಮೆಂಟ್ ಶಾಯಿ ಬಾಳಿಕೆಯಲ್ಲಿ ಮೇಲು. ನಮ್ಮ ಹಳೆಯ ಓಲೆಗರಿಗಳಲ್ಲಿ ಕಂಟದಿಂದ ಕೊರೆದ ಅಕ್ಷರಗಳಿಗೆ ತುಂಬಿದ ದೀಪದ ಕಾಡಿಗೆ ಶತಮಾನಗಳ ಅನಂತರವೂ ಕಪ್ಪಾಗಿಯೇ ಇದೆಯಷ್ಟೆ. ಅದೂ ಇಂಗಾಲದ ಪಿಗ್ಮೆಂಟೇ. ಇಂದಿನ ಪ್ರಿಂಟರಿನ ಪಿಗ್ಮೆಂಟ್ ಕಪ್ಪಿನಲ್ಲಿರುವುದೂ ಇಂಗಾಲವೇ. ಡೈ ಶಾಯಿಯಾದರೋ ಹೊಳಪು ಕಾಗದದ ಮೇಲೆ ತುಂಬ ಕಾಂತಿಯುಕ್ತವಾಗಿ ಕಾಣುತ್ತದೆ, ಬೆಲೆಯೂ ಸಾಮಾನ್ಯವಾಗಿ ಕಡಮೆ.

ಈಗ ಹೊಂದಾಣಿಕೆಯ ವಿಚಾರ ತಾನಾಗಿಯೇ ಸ್ಪಷ್ಟವಾಗುತ್ತದೆ. ಊದುವ ಲೇಪದೊಳಕ್ಕೆ ಡೈ ಅಣು ನುಸುಳಬಲ್ಲುದು, ಪಿಗ್ಮೆಂಟಿನ ಕಣ ನುಸುಳಲಾರದು. ಅದು ಮೇಲೆಯೇ ಕುಳಿತು, ಒಣಗಿದ ಮೇಲೂ ಬೆರಳಿಗೆ ಹತ್ತುತ್ತದೆ. ಆದುದರಿಂದ ಊದುವ ಲೇಪದ ಕಾಗದ ಡೈ ಶಾಯಿಗೇ ಮೀಸಲು. ರಂಧ್ರಮಯ ಲೇಪ ಎರಡನ್ನೂ ಸ್ವೀಕರಿಸುತ್ತದೆ: ಡೈ ಆದರೆ ಪೊಳ್ಳುಗಳ ಗೋಡೆಗೆ ಅಂಟುತ್ತದೆ, ಪಿಗ್ಮೆಂಟ್ ಆದರೆ ನೀರು ಕೆಳಗಿಳಿದು, ಕಣಗಳು ತಮ್ಮೊಡನೆ ತಂದ ರಾಳದ ನೆರವಿನಿಂದ ಮೇಲೆ ಕಚ್ಚಿ ನಿಲ್ಲುತ್ತವೆ. ಅತಿಹೊಳಪಿನ ಕಾಗದದ ಮೇಲೆ ಪಿಗ್ಮೆಂಟ್ ಚಿತ್ರವನ್ನು ಓರೆಯಾಗಿ ಹಿಡಿದರೆ ಕಪ್ಪು ಭಾಗಗಳಲ್ಲಿ ಕಂಚಿನಂಥ ಛಾಯೆ ಮಿನುಗುವುದುಂಟು. ಅರೆಹೊಳಪಿನ ಕಾಗದ ಆಗ ವಾಸಿ. ಹೊಳಪಿಲ್ಲದ ಮ್ಯಾಟ್ ಕಾಗದ ಎರಡು ಶಾಯಿಗಳಿಗೂ ಒಗ್ಗುತ್ತದೆ. ಎಲ್ಲಕ್ಕಿಂತ ಅಗ್ಗವಾದ ಕೆಲವು ಹೊಳಪು ಕಾಗದಗಳಲ್ಲಿ ಪ್ಲಾಸ್ಟಿಕ್ಕಿನ ಪದರವಿಲ್ಲದ ಬರಿಯ ಕಾಗದಕ್ಕೆ ಹೊಳಪು ಲೇಪವನ್ನು ಒತ್ತಿರುತ್ತಾರೆ. ಅವು ಡೈ ಶಾಯಿಗೆ ಪರವಾಗಿಲ್ಲ. ಆದರೆ ಪಿಗ್ಮೆಂಟ್ ಕೂರದು, ಮಳೆಗಾಲದಲ್ಲಿ ಸುರುಳಿಯೂ ಆಗುತ್ತವೆ. ಪ್ರದರ್ಶನಕ್ಕೋ ಪಾಠದ ನಕ್ಷೆಗೋ ಅವು ಸಾಕು. ಮನೆತನದ ಚಿತ್ರಕ್ಕೆ ನಾವು ಅವನ್ನು ಬಳಸಲಾರೆವು.

ನಿಮ್ಮ ಪ್ರಿಂಟರಿನಲ್ಲಿ ಯಾವ ಶಾಯಿ ಇದೆ? ಇಲ್ಲೊಂದು ತೊಡಕುಂಟು. ಕೆಲವು ಪ್ರಿಂಟರುಗಳಲ್ಲಿ ನಾಲ್ಕೂ ಬಣ್ಣಗಳು ಡೈ, ಕೆಲವಲ್ಲಿ ನಾಲ್ಕೂ ಪಿಗ್ಮೆಂಟ್, ಇನ್ನೂ ಅನೇಕವುಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್, ಉಳಿದ ಮೂರು ಡೈ. ಕೈಪಿಡಿ ಕಳೆದುಹೋಗಿದ್ದರೆ ಹೀಗೆ ಪರೀಕ್ಷಿಸಬಹುದು: ಸಾಧಾರಣ ಕಾಗದದ ಮೇಲೆ ನಾಲ್ಕು ಬಣ್ಣಗಳ ಪಟ್ಟೆಗಳನ್ನು ಅಚ್ಚುಮಾಡಿ, ಒಂದು ದಿನ ಬಿಟ್ಟು, ಒಂದೊಂದರ ಮೇಲೂ ಒಂದು ತೊಟ್ಟು ನೀರು ಬಿಡಿ. ಹರಡಿ ಕದಡಿದ್ದು ಡೈ, ಹೆಚ್ಚು ಕದಲದೆ ನಿಂತದ್ದು ಪಿಗ್ಮೆಂಟ್. ಕಾಗದದ ಕುಲವನ್ನೂ ನೀರಿನಿಂದಲೇ ಪತ್ತೆಮಾಡಬಹುದು. ಅಚ್ಚಾಗದ ಮೂಲೆಯ ಮೇಲೆ ಬಿಟ್ಟ ತೊಟ್ಟು ಅಂಟಂಟಾಗಿ ಉಬ್ಬಿದರೆ ಊದುವ ಲೇಪ. ಉಬ್ಬದೆ ಕೂಡಲೆ ಇಂಗಿದರೆ ರಂಧ್ರಮಯ. ಯಾವ ಮಗ್ಗುಲಿನಲ್ಲಿ ಅಚ್ಚುಮಾಡಬೇಕೆಂಬ ಸಂದೇಹ ಬಂದರೆ, ಕೊಂಚ ಒದ್ದೆಯಾದ ಹೆಬ್ಬೆರಳು ತೋರುಬೆರಳುಗಳ ನಡುವೆ ಮೂಲೆಯನ್ನು ಹಿಡಿದು ನೋಡಿರಿ. ಬೆರಳಿಗೆ ತುಸು ಅಂಟಿಕೊಳ್ಳುವ ಮಗ್ಗುಲೇ ಲೇಪವಿರುವ ಮಗ್ಗುಲು.

ಕಪ್ಪು ಮಾತ್ರ ಪಿಗ್ಮೆಂಟಾಗಿರುವ ಪ್ರಿಂಟರುಗಳ ನಡತೆಯನ್ನು ವಿಶೇಷವಾಗಿ ಗಮನಿಸಬೇಕು. ಆ ಕಪ್ಪು, ಸಾಧಾರಣ ಕಾಗದದ ಮೇಲೆ ಅಕ್ಷರಗಳು ಖಡಾಖಂಡಿತವಾಗಿ ಮೂಡಲೆಂದು ತಯಾರಿಸಿದ್ದು. ಹೊಳಪು ಕಾಗದದ ಮೇಲೆ ಅದು ಕಚ್ಚದು. ಆದುದರಿಂದ, ಕಂಪ್ಯೂಟರಿನಲ್ಲಿ ನಾವು ಕಾಗದದ ಬಗೆಯನ್ನು ‘ಫೋಟೋ’ ಎಂದು ಆರಿಸಿದರೆ, ಸಾಮಾನ್ಯವಾಗಿ ಪ್ರಿಂಟರು ಕಪ್ಪನ್ನು ಬದಿಗಿಟ್ಟು, ಹಸುರುನೀಲಿ, ಕೆನ್ನೇರಿಳೆ, ಹಳದಿ ಈ ಮೂರು ಡೈಗಳನ್ನು ಬೆರೆಸಿ ಕಪ್ಪನ್ನೂ ಬೂದುಬಣ್ಣವನ್ನೂ ಕಟ್ಟುತ್ತದೆ. ‘ಸಾಧಾರಣ ಕಾಗದ’ ಎಂಬ ಆಯ್ಕೆಯನ್ನೇ ಬಿಟ್ಟು ಫೋಟೋ ಕಾಗದವನ್ನು ತೂರಿಸಿದರೆ, ಪಿಗ್ಮೆಂಟ್ ಕಪ್ಪು ಹೊಳಪಿನ ಮೇಲೆ ಸುರಿದು, ತಲೆಗೂದಲಿನ ಭಾಗವೆಲ್ಲ ಕೈಗೆ ಬರುತ್ತದೆ. ಈ ಒಂದು ತಪ್ಪಿನಿಂದ ಹಾಳಾದ ಕಾಗದವೆಷ್ಟೋ! ಕಾಗದದ ಆಯ್ಕೆಯೆಂಬುದು ಬರಿಯ ಹೆಸರಲ್ಲ. ಎಷ್ಟು ಶಾಯಿ ಸುರಿಯಬೇಕು, ಹನಿಯ ಗಾತ್ರವೆಷ್ಟು, ಬಣ್ಣಗಳ ಪ್ರಮಾಣವೆಷ್ಟು ಎಂಬ ಎಲ್ಲ ಲೆಕ್ಕವೂ ಅದರಿಂದ ಬದಲಾಗುತ್ತದೆ. ಬೇರೆ ಕಂಪನಿಯ ಕಾಗದವನ್ನು ಕೊಂಡಾಗ, ಹತ್ತಿರದ ಎರಡು ಮೂರು ಆಯ್ಕೆಗಳಲ್ಲಿ ಸಣ್ಣ ಚಿತ್ರಗಳನ್ನು ತೆಗೆದು ಹೋಲಿಸುವುದೇ ಸರಿಯಾದ ಮಾರ್ಗ.

ಗೋಡೆಯ ಚಿತ್ರಕ್ಕೆ ಆದುದೇನು?

ಇನ್ನು ನಮ್ಮ ಭಾವಚಿತ್ರದ ಕಥೆ. ಅದು ಡೈ ಶಾಯಿಯಿಂದ ರಂಧ್ರಮಯ ಕಾಗದದ ಮೇಲೆ ಅಚ್ಚಾದುದು. ಪೊಳ್ಳುಗಳು ಶಾಯಿಯನ್ನು ಬರಮಾಡಿಕೊಂಡಂತೆಯೇ ಗಾಳಿಯನ್ನೂ ಬರಮಾಡಿಕೊಳ್ಳುತ್ತವೆ. ಗಾಳಿಯಲ್ಲಿ ಓಜೋನ್ ಎಂಬ, ಮೂರು ಆಮ್ಲಜನಕ ಪರಮಾಣುಗಳ ಅನಿಲ ಅತ್ಯಲ್ಪ ಪ್ರಮಾಣದಲ್ಲಿದೆ. ವಾಹನಗಳ ಹೊಗೆಯ ಮೇಲೆ ಬಿಸಿಲು ಬಿದ್ದಾಗ ನಗರಗಳಲ್ಲಿ ಅದು ಹೆಚ್ಚುತ್ತದೆ. ಓಜೋನ್ ತೀವ್ರ ಉತ್ಕರ್ಷಣಕಾರಿ. ಡೈ ಅಣುಗಳು ಪೊಳ್ಳುಗಳ ಗೋಡೆಯ ಮೇಲೆ ತೆರೆದುಕೊಂಡಿರುವುದರಿಂದ, ಒಂದೊಂದಾಗಿ ಅದಕ್ಕೆ ತುತ್ತಾಗುತ್ತವೆ. ಹಸುರುನೀಲಿ ಶಾಯಿಯಲ್ಲಿ ಸಾಮಾನ್ಯವಾಗಿ ಬಳಸುವ ತಾಮ್ರದ ಥ್ಯಾಲೊಸಯನೀನ್ ಡೈ ಬೆಳಕನ್ನು ಚೆನ್ನಾಗಿ ತಡೆದರೂ ಓಜೋನಿಗೆ ಬೇಗ ಸೋಲುತ್ತದೆ. ಹಸುರುನೀಲಿ ಹೋದರೆ ಉಳಿಯುವುದು ಕೆನ್ನೇರಿಳೆ ಮತ್ತು ಹಳದಿ. ಅವೆರಡೂ ಕೂಡಿದರೆ ಕೆಂಪು. ಮೂರು ಡೈಗಳ ತಕ್ಕಡಿಯಲ್ಲಿ ನಿಂತಿದ್ದ ಬೂದುಬಣ್ಣವು ಇಟ್ಟಿಗೆಯ ಬಣ್ಣವಾದುದು ಹೀಗೆ. ವರ್ಣಚಿತ್ರವಾಗಿದ್ದರೆ ಈ ಬದಲಾವಣೆ ಇಷ್ಟು ಬೇಗ ಕಣ್ಣಿಗೆ ಹೊಡೆಯುತ್ತಿರಲಿಲ್ಲ. ಕಪ್ಪುಬಿಳುಪಿನಲ್ಲಿ ಮುಚ್ಚಿಕೊಳ್ಳಲು ಎಡೆಯಿಲ್ಲ. 2000ದ ಸುಮಾರಿಗೆ, ಚಿತ್ರಮುದ್ರಣಕ್ಕೆಂದೇ ಹೆಸರಾಗಿದ್ದ ಪ್ರಿಂಟರೊಂದರ ಚಿತ್ರಗಳು ಕೆಲವು ಊರುಗಳಲ್ಲಿ ಬಹುಬೇಗ ಕಿತ್ತಳೆಯ ಬಣ್ಣಕ್ಕೆ ತಿರುಗಿ ಗದ್ದಲವಾಗಿತ್ತು. ಅಲ್ಲಿಯೂ ಅಪರಾಧಿ ಇದೇ ಅನಿಲ. ಆಮೇಲಿನ ಡೈಗಳು ಸುಧಾರಿಸಿವೆ. ಆದರೆ ಅಗ್ಗದ ಮರುಪೂರಣ ಶಾಯಿಯ ವಿಷಯದಲ್ಲಿ ಆ ಭರವಸೆಯನ್ನು ನಾವು ಕೊಡಲಾರೆವು.

ಬಹುದಿನಗಳ ಮೇಲೆ ಪುಸ್ತಕಗಳನ್ನು ಒರಸಿಡುತ್ತಿದ್ದಾಗ ಎರಡನೆಯ ಪ್ರತಿ ಕೈಗೆ ಸಿಕ್ಕಿತು. ಅದೇ ದಿನ, ಅದೇ ಶಾಯಿ, ಅದೇ ಕಾಗದ; ನೆರಳುಗಳೆಲ್ಲ ತಟಸ್ಥವಾದ ಬೂದುಬಣ್ಣದಲ್ಲಿಯೇ ಇದ್ದುವು. ಪುಸ್ತಕದ ಹಾಳೆಗಳು ಗಾಳಿಯ ಸಂಚಾರವನ್ನು ತಡೆದಿದ್ದುವು. ಬೇಕೆಂದು ಹೂಡಿದ್ದರೂ ಇದಕ್ಕಿಂತ ಸೊಗಸಾದ ಪ್ರಯೋಗವನ್ನು ನಾವು ಹೂಡುತ್ತಿರಲಿಲ್ಲವೇನೊ! ವಿದ್ಯಾರ್ಥಿಗಳು ಇದನ್ನು ಬೇಕೆಂದೇ ಮಾಡಬಹುದು. ಬೂದುಬಣ್ಣದ ಮೆಟ್ಟಿಲುಗಳ ಒಂದು ಪಟ್ಟಿಯನ್ನು ಡೈ ಶಾಯಿಯಲ್ಲಿ ಅಚ್ಚುಮಾಡಿ ಮೂರು ತುಂಡು ಮಾಡಿ. ಒಂದು ಪುಸ್ತಕದಲ್ಲಿರಲಿ, ಒಂದು ಬಿಸಿಲಿಲ್ಲದ, ಆದರೆ ಗಾಳಿಯಾಡುವ ಗೋಡೆಯ ಮೇಲಿರಲಿ, ಇನ್ನೊಂದು ಕಿಟಕಿಯ ಬಿಸಿಲಿನಲ್ಲಿ, ಗಾಜಿನ ಎರಡು ಬಿಲ್ಲೆಗಳ ನಡುವೆ ಅಂಚು ಅಂಟಿಸಿ ಮುಚ್ಚಿದ್ದಾಗಿರಲಿ. ತಿಂಗಳಿಗೊಮ್ಮೆ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಗಾಳಿ ಕೆಡಿಸುವ ಬಗೆಯೇ ಬೇರೆ, ಬೆಳಕು ಕೆಡಿಸುವ ಬಗೆಯೇ ಬೇರೆ ಎಂಬುದನ್ನು ಕಾಣುವಿರಿ.

ಲೇಸರ್ ಪ್ರಿಂಟರಿಗೆ ಇಂಕ್‌ಜೆಟ್ ಫೋಟೋ ಕಾಗದವನ್ನು ಎಂದಿಗೂ ಹಾಕಕೂಡದೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಒಳ್ಳೆಯ ಫೋಟೋ ಕಾಗದದ ಎರಡು ಮಗ್ಗುಲಿಗೂ ಪಾಲಿಎಥಿಲೀನಿನ ತೆಳುಪದರವಿರುತ್ತದೆ. ಮೂಲೆಯನ್ನು ಮೆಲ್ಲಗೆ ಹರಿದರೆ ಅದು ಎಳೆಯುವುದು ಕಾಣುತ್ತದೆ. ಆ ಪ್ಲಾಸ್ಟಿಕ್ಕು ಸುಮಾರು 110 ಡಿಗ್ರಿಗೆ ಕರಗುತ್ತದೆ. ಲೇಸರ್ ಪ್ರಿಂಟರಿನಲ್ಲಿ ಪುಡಿಯನ್ನು ಕಾಗದಕ್ಕೆ ಬೆಸೆಯುವ ಉರುಳೆಯ ಉಷ್ಣತೆ 200ರ ಸಮೀಪದ್ದು. ಕಾಗದ ಉರುಳೆಗೆ ಅಂಟಿದರೆ ಯಂತ್ರವೇ ಕೆಡುವ ಸಂಭವವಿದೆ.

ಉಳಿದ ಪ್ರತಿಯನ್ನು ಮತ್ತೆ ಸ್ಕ್ಯಾನ್ ಮಾಡಿ, ಕಡತವನ್ನು ಎರಡು ಕಡೆ ಇಟ್ಟು, ಈ ಸಲ ಪಿಗ್ಮೆಂಟ್ ಶಾಯಿಯಿಂದ ಅರೆಹೊಳಪಿನ ರಂಧ್ರಮಯ ಕಾಗದದ ಮೇಲೆ ಅಚ್ಚು ತೆಗೆಸಿದೆವು. ಕೂಡಲೆ ಗಾಜು ಹಾಕಿಸಲಿಲ್ಲ. ಶಾಯಿಯಲ್ಲಿ ನೀರಿನೊಡನೆ ಗ್ಲೈಕಾಲಿನಂಥ, ಮೆಲ್ಲಗೆ ಆರುವ ದ್ರವಗಳೂ ಇರುತ್ತವೆ. ಮುಟ್ಟಲು ಒಣಗಿದಂತಿದ್ದರೂ ಅವು ಪೊಳ್ಳುಗಳಲ್ಲಿ ಉಳಿದಿದ್ದು, ಆಮೇಲೆ ಹೊರಬಂದು ಗಾಜಿನ ಒಳಮೈಗೆ ಮಂಜು ಹಿಡಿಸುತ್ತವೆ. ಚಿತ್ರವನ್ನು ಮೇಜಿನ ಮೇಲೆ ಹರವಿ, ಮೇಲೆ ಒಂದು ಬಿಳಿಯ ಹಾಳೆಯನ್ನು ಹೊದಿಸಿ, ಒಂದು ಹಗಲು ಒಂದು ರಾತ್ರಿ ಹಾಗೆಯೇ ಬಿಟ್ಟು, ಆ ಹಾಳೆಯನ್ನು ತೆಗೆದ ಮೇಲೆ ಚೌಕಟ್ಟಿಗೆ ಕೂಡಿಸಿದ್ದಾಯಿತು.